ಕೌದಿಗೆ ‘ರ‍್ಯಾಗ್’ ಎನ್ನಬಹುದೇ?

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾವು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘದವರು. ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತೇವೆ, ಉಳಿದ ಚೂರುಗಳನ್ನು ಹೆಣೆದು ಕಾಲೊರೆಸು ಮಾಡುತ್ತೇವೆ. ಗೋಕರ್ಣದ ಅಂಗಡಿಯೊಂದರಲ್ಲಿ ಪ್ರವಾಸಿಗರು ಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಚೀಟಿ ಇರಲಿ ಎಂದು ಕೌದಿಗೆ ‘ರ‍್ಯಾಗ್ ಕ್ವಿಲ್ಟ್’ ಎಂದು ಅಚ್ಚು ಹಾಕಿಸಿದೆವು. ಎಂಜಿನಿಯರಿಂಗ್ ಓದುವ ನನ್ನ ಅಳಿಯ, ಅಂದರೆ ಅಣ್ಣನ ಮಗ, ‘ಅತ್ತೆ, ರ‍್ಯಾಗ್ ಅಂದರೆ ಚಿಂದಿ. ನಿಮ್ಮ ಸಾಮಾನನ್ನು ನೀವೇ ಬೈದ ಹಾಗೆ ಆಯಿತು. ರ‍್ಯಾಗಿಂಗ್ ಕೂಡ ಅದೇ ಶಬ್ದ’ ಎಂದು ನಗಾಡಿದ. ಅಂಗಡಿಯಲ್ಲಿ ಒಬ್ಬ ಗಿರಾಕಿ ‘ಇದು ರ‍್ಯಾಗೋ ರಗ್ಗೋ’ ಎಂದು ಕೇಳಿದರಂತೆ. ನಾವು ಹೊದೆಯುವ ರಗ್ಗು ಇದೇ ಶಬ್ದವೇ? ಈ ರ‍್ಯಾಗ್‌ಗೆ ಒಟ್ಟು ಎಷ್ಟು ಅರ್ಥ? ಚೀಟಿ ಇಟ್ಟುಕೊಳ್ಳುವುದೋ ಬಿಸಾಡುವುದೋ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ಅರ್ಧ ಸರಿ. ಗಿರಾಕಿ ಕೇಳಿದ ಪ್ರಶ್ನೆ ಅದಕ್ಕಿಂತ ಚೆನ್ನಾಗಿದೆ. ಚೀಟಿಯನ್ನು ಬದಲಿಸಲೇಬೇಕು, ಆದರೆ ಅಳಿಯ ಕೊಟ್ಟ ಕಾರಣಕ್ಕಲ್ಲ. ‘ರ‍್ಯಾಗ್ ಕ್ವಿಲ್ಟ್’ ಎನ್ನುವುದು ಬೈಗುಳವಲ್ಲ, ಅದು ಬೇರೆಯೇ ಒಂದು ವಸ್ತುವಿನ ಹೆಸರು. ಆ ಹೆಸರು ನೋಡಿ ತರಿಸಿಕೊಂಡವರು ನಿಮ್ಮ ಕೌದಿ ಬಿಚ್ಚಿದರೆ ‘ನಾವು ಕೇಳಿದ್ದು ಇದಲ್ಲ’ ಅಂದಾರು. ಅಲ್ಲಿಗೆ ಬರುವ ಮೊದಲು ಶಬ್ದದ ಬುಡ ನೋಡೋಣ.

ರ‍್ಯಾಗ್ ಎಂದರೆ ಹಳೇ ಬಟ್ಟೆ ಎಂದು ಶಾಲೆಯಲ್ಲಿ ಬರೆಸುತ್ತೇವೆ. ಅಷ್ಟು ಸಾಲದು. ಅಜ್ಜಿಯ ಧಾರೆಸೀರೆಗೆ ಅರುವತ್ತು ವರ್ಷವಾಗಿರಬಹುದು, ಪೆಟ್ಟಿಗೆಯಲ್ಲಿ ಮಡಿಕೆ ಕೆಡದೆ ಇದ್ದರೆ ಅದನ್ನು ಯಾವ ಇಂಗ್ಲಿಷಿನವನೂ ರ‍್ಯಾಗ್ ಎನ್ನುವುದಿಲ್ಲ. ಮೊನ್ನೆ ಕೊಂಡ ಟೀ ಶರ್ಟು ಬೇಲಿಗೆ ಸಿಕ್ಕಿ ಹರಿದು, ಅದರ ತೋಳು ಕತ್ತರಿಸಿ ಸ್ಕೂಟರ್ ಒರೆಸಲು ಇಟ್ಟರೆ ಆ ತುಂಡು ಇವತ್ತಿನಿಂದಲೇ ರ‍್ಯಾಗ್. ಇಲ್ಲಿ ಎಣಿಕೆಗೆ ಬರುವುದು ವಯಸ್ಸಲ್ಲ. ಬಟ್ಟೆ ತನ್ನ ಮೊದಲಿನ ಕೆಲಸದಿಂದ ಬಿಡುಗಡೆಯಾಗಿ ತುಂಡಾಗಿದೆ, ಅದರ ಅಂಚು ಹರಿದಿದೆ, ಇನ್ನು ಅದನ್ನು ಯಾರೂ ಜೋಪಾನ ಮಾಡುವುದಿಲ್ಲ ಎಂಬುದೇ ಆ ಶಬ್ದದ ತಿರುಳು. ನಮ್ಮಲ್ಲಿಯೂ ಹಾಗೆಯೇ. ಘಟ್ಟದ ಮೇಲಿನ ಮನೆಗಳಲ್ಲಿ ‘ಹಳೇ ವಸ್ತ್ರ’ ಎಂದರೆ ಯಾರಿಗೂ ಬೇಸರವಿಲ್ಲ, ‘ಹರಕು’ ಎಂದರೆ ಮೂಗು ಮುರಿಯುತ್ತಾರೆ. ರ‍್ಯಾಗ್ ಇರುವುದು ಹರಕಿನ ಕಡೆ.

ಶಬ್ದ ಇಂಗ್ಲಿಷಿನಲ್ಲಿ 14ನೇ ಶತಮಾನದ ಹೊತ್ತಿಗೇ ಇದೆ. ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬೇಕು ಎಂದು ನಿಘಂಟುಕಾರರು ಬರೆಯುತ್ತಾರೆ. ಹಳೆಯ ನಾರ್ಸ್ ಭಾಷೆಯಲ್ಲಿ ‘ರೊಗ್ಗ್’ ಎಂಬುದಕ್ಕೆ ತುಪ್ಪಟದ ಜುಂಜು, ಕೆದರಿದ ಕೂದಲಿನ ಗುಪ್ಪೆ ಎಂಬ ಅರ್ಥ. ಅಂದರೆ ಮೂಲದಲ್ಲಿ ಕಣ್ಣಿಗೆ ಬಿದ್ದದ್ದು ಬಟ್ಟೆಯಲ್ಲ, ಅಂಚಿನಲ್ಲಿ ನೇತಾಡುವ ಎಳೆ. ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ದೂರದ ಅರ್ಥಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಎಲೆಯ ಅಂಚು ಹರಿದ ಹಾಗಿರುವ ಒಂದು ಹಳದಿ ಹೂವಿನ ಗಿಡಕ್ಕೆ ಇಂಗ್ಲೆಂಡಿನಲ್ಲಿ ‘ರ‍್ಯಾಗ್‌ವರ್ಟ್’ ಎನ್ನುತ್ತಾರೆ. ಡಿಟಿಪಿ ಮಾಡುವವರು ಪುಟದ ಎಡಗಡೆ ಸಾಲು ಸರಿಹೊಂದಿಸಿ ಬಲಗಡೆ ಏರುಪೇರು ಬಿಟ್ಟರೆ ಅದಕ್ಕೆ ‘ರ‍್ಯಾಗ್ಡ್ ರೈಟ್’ ಎಂದು ಹೆಸರು. ಅಲ್ಲಿ ಬಟ್ಟೆಯ ಸುಳಿವೇ ಇಲ್ಲ, ಅಂಚು ಮಾತ್ರ ಇದೆ.

ಈಗ ನಿಮ್ಮ ರಗ್ಗು. ಅದು ‘ರ‍್ಯಾಗ್’ ಅಲ್ಲ, ‘ರಗ್’. ಇಂಗ್ಲಿಷಿನಲ್ಲಿ ಎರಡರ ಬರವಣಿಗೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಉಚ್ಚಾರಣೆಗೆ ಸುಲಭದ ದಾರಿ: ಬ್ಯಾಗ್‌ಗೆ ಪ್ರಾಸವಾದರೆ ಚಿಂದಿ, ಮಗ್‌ಗೆ ಪ್ರಾಸವಾದರೆ ಹಾಸು. ನಿಮ್ಮ ಗಿರಾಕಿ ಕೇಳಿದ್ದು ಇದನ್ನೇ. ಇಬ್ಬರೂ ದೂರದ ನೆಂಟರೆಂದು ಕಾಣುತ್ತದೆ, ಆ ತುಪ್ಪಟದ ಜುಂಜಿನಿಂದಲೇ ಇದೂ ಹುಟ್ಟಿರಬೇಕು. 16ನೇ ಶತಮಾನದಲ್ಲಿ ‘ರಗ್’ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಒರಟು ಉಣ್ಣೆಬಟ್ಟೆ, ಹೊದಿಕೆ ಎಂಬ ಅರ್ಥವಿತ್ತು. ನೆಲದ ಹಾಸು ಎಂಬ ಅರ್ಥ ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಕನ್ನಡ ಹಳೆಯ ಅರ್ಥವನ್ನೇ ಹಿಡಿದುಕೊಂಡು ರಗ್ಗು ಹೊದೆಯಿತು, ಇಂಗ್ಲಿಷ್ ಮಾತನಾಡುವವರು ಅದನ್ನು ನೆಲಕ್ಕೆ ಹಾಸಿದರು. ಹಾಗಾಗಿ ಹೋಂ ಸ್ಟೇ ನಡೆಸುವವರು ಅತಿಥಿಗೆ ‘ಚಳಿಯಾದರೆ ರಗ್ ಕೊಡುತ್ತೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಆತ ‘ಚಳಿಗೆ ಜಮಖಾನ ಯಾಕೆ’ ಎಂದು ನೋಡಿದರೆ ಆಶ್ಚರ್ಯವಿಲ್ಲ. ಹೊದೆಯುವುದಕ್ಕೆ ‘ಬ್ಲ್ಯಾಂಕೆಟ್’ ಅನ್ನಿ. ಬ್ರಿಟನ್ನಿನ ವಯಸ್ಸಾದವರಿಗೆ ಮಾತ್ರ ಪ್ರಯಾಣದಲ್ಲಿ ಮೊಣಕಾಲ ಮೇಲೆ ಹಾಕಿಕೊಳ್ಳುವ ಹೊದಿಕೆಗೂ ರಗ್ ಎನ್ನುವ ರೂಢಿ ಇದೆ.

ರ‍್ಯಾಗ್ ನಿಜವಾಗಿಯೂ ರಗ್ಗಾಗುವ ಊರೊಂದಿದೆ, ಹರಿಯಾಣದ ಪಾಣಿಪತ್ತು. ಬೇರೆ ಬೇರೆ ದೇಶಗಳಲ್ಲಿ ಉಟ್ಟು ಬಿಟ್ಟ ಉಣ್ಣೆಬಟ್ಟೆಗಳು ಕತ್ತರಿಸಿದ ರೂಪದಲ್ಲಿ ಅಲ್ಲಿಗೆ ಬರುತ್ತವೆ. ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ, ಗುಂಡಿ ಜಿಪ್ಪು ಕಿತ್ತು, ಯಂತ್ರದಲ್ಲಿ ಎಳೆ ಎಳೆಯಾಗಿ ಬಿಡಿಸಿ ಮತ್ತೆ ನೂಲು ಮಾಡಿ ಕಂಬಳಿ ನೇಯುತ್ತಾರೆ. ನೆರೆ, ಭೂಕಂಪ ಬಂದಲ್ಲಿ ಹಂಚುವ ಅಗ್ಗದ ಬೂದುಬಣ್ಣದ ಕಂಬಳಿಗಳಲ್ಲಿ ಎಷ್ಟೋ ಅಲ್ಲಿಯವು. ಈ ಮರುನೂಲಿನ ಬಟ್ಟೆಗೆ ‘ಶಾಡಿ’ ಎನ್ನುತ್ತಾರೆ. 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ ಈ ಕೆಲಸ ಶುರು ಮಾಡಿದ. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಇದೇ ಬಟ್ಟೆಯ ಕಳಪೆ ಸಮವಸ್ತ್ರ ಕೊಟ್ಟು, ಅವು ಬೇಗ ಹರಿದು, ‘ಶಾಡಿ’ ಎಂದರೆ ‘ಕಳಪೆ’ ಎಂಬ ಗುಣವಾಚಕವೇ ಆಗಿಹೋಯಿತು. ಬಟ್ಟೆಯ ಹೆಸರು ಬೈಗುಳವಾದದ್ದಕ್ಕೆ ನಿಮ್ಮ ಅಳಿಯನಿಗೆ ಬೇಕಿದ್ದ ಉದಾಹರಣೆ ಇದು, ರ‍್ಯಾಗ್ ಅಲ್ಲ.

ವ್ಯಾಪಾರದ ಕಾಗದದಲ್ಲಿ ರ‍್ಯಾಗ್ ಎನ್ನುವುದು ಮರ್ಯಾದೆಯ ಶಬ್ದ, ಕಾನೂನಿನ ಶಬ್ದ. ಜಗತ್ತಿನ ಸುಂಕದ ಪಟ್ಟಿಯಲ್ಲಿ 6309 ಎಂಬ ಸಂಖ್ಯೆ ಉಟ್ಟ ಬಟ್ಟೆಗೆ, 6310 ರ‍್ಯಾಗ್‌ಗೆ. ನಮ್ಮ ದೇಶದಲ್ಲಿ ಉಟ್ಟ ಬಟ್ಟೆಯ ಆಮದಿಗೆ ನಿರ್ಬಂಧವಿದೆ, ಪರವಾನಗಿ ಬೇಕು. ಮತ್ತೆ ಉಡಲಾಗದಂತೆ ಕತ್ತರಿಸಿದರೆ ಅದು ರ‍್ಯಾಗ್ ಆಗಿ ಬೇರೆ ನಿಯಮದಡಿ ಬರುತ್ತದೆ. ಒಂದೇ ಕೋಟು, ಕತ್ತರಿ ಆಡಿದ ಮೇಲೆ ಬೇರೆ ಸಂಖ್ಯೆ, ಬೇರೆ ಕಾನೂನು. ವಯಸ್ಸಲ್ಲ, ಸ್ಥಿತಿ ಮುಖ್ಯ ಎಂದು ಮೇಲೆ ಹೇಳಿದ್ದು ಇದಕ್ಕೇ.

ಇಷ್ಟು ಹೇಳಿದ ಮೇಲೆ ನಿಮಗೆ ಬೇಕಾದ ಮುಖ್ಯ ಸೂತ್ರ. ರ‍್ಯಾಗ್ ಒಂಟಿಯಾಗಿ ನಿಂತರೆ ಹೆಚ್ಚಾಗಿ ತಾತ್ಸಾರ. ಇನ್ನೊಂದು ನಾಮಪದದ ಹೆಗಲಿಗೆ ಕೂತರೆ ಅದು ಕಚ್ಚಾವಸ್ತುವಿನ ಹೆಸರು, ತಾತ್ಸಾರ ಉದುರಿಹೋಗುತ್ತದೆ. ತೆಂಗಿನ ಸಿಪ್ಪೆ ಅಂಗಳದ ಮೂಲೆಯಲ್ಲಿ ಬಿದ್ದರೆ ಕಸ, ನಾರಿನ ಹಗ್ಗ ಎಂದಾಗ ಕಸ ಯಾರಿಗೂ ನೆನಪಾಗದು. ‘ರ‍್ಯಾಗ್ ಡಾಲ್’ ಎಂದರೆ ಬಟ್ಟೆ ಚೂರಿನ ಗೊಂಬೆ, ಮಕ್ಕಳ ಮುದ್ದಿನದು. ‘ರ‍್ಯಾಗ್ ರಗ್’ ಎಂದರೆ ಬಟ್ಟೆಯನ್ನು ಉದ್ದನೆಯ ಪಟ್ಟಿಗಳಾಗಿ ಸೀಳಿ ಹೆಣೆದ ಅಥವಾ ನೇಯ್ದ ಹಾಸು, ಒಳ್ಳೆಯ ಬೆಲೆಗೆ ಹೋಗುತ್ತದೆ. ‘ರ‍್ಯಾಗ್ ಪೇಪರ್’ ಎಂದರೆ ಕಾಗದಗಳಲ್ಲೇ ಮೇಲು. ಆದರೆ ‘ಅವಳು ರ‍್ಯಾಗ್ಸ್‌ನಲ್ಲಿ ಬಂದಳು’ ಎಂದರೆ ಚಿಂದಿ ಉಟ್ಟುಕೊಂಡು ಬಂದಳು ಎಂದೇ ಅರ್ಥ. ಬಹುವಚನವಾಗಿ ಮನುಷ್ಯರ ಮೈಮೇಲೆ ಬಂದಾಗ ಶಬ್ದ ಚುಚ್ಚುತ್ತದೆ. ಬಡವ ಶ್ರೀಮಂತನಾದ ಕತೆಗೆ ‘ರ‍್ಯಾಗ್ಸ್ ಟು ರಿಚಸ್’ ಎನ್ನುವಲ್ಲಿಯೂ ಆ ರ‍್ಯಾಗ್ಸ್ ಬಡತನದ ಬಟ್ಟೆಯೇ. ಇದಕ್ಕೆ ಅಪವಾದಗಳೂ ಇವೆ. ಜವಳಿ ಉಡುಪಿನ ವ್ಯವಹಾರದವರು ತಮ್ಮ ಉದ್ಯಮವನ್ನೇ ‘ರ‍್ಯಾಗ್ ಟ್ರೇಡ್’ ಎಂದು ಸಲುಗೆಯಿಂದ ಕರೆದುಕೊಳ್ಳುತ್ತಾರೆ. ಮದುವೆಗೋ ಪಾರ್ಟಿಗೋ ಹಾಕುವ ಚಂದದ ಬಟ್ಟೆಗೆ ‘ಗ್ಲ್ಯಾಡ್ ರ‍್ಯಾಗ್ಸ್’ ಎಂಬ ತಮಾಷೆಯ ಮಾತಿದೆ. ತನ್ನ ಬಟ್ಟೆಗೆ ತಾನು ಹಾಗೆನ್ನಬಹುದು. ಪಕ್ಕದವರ ಪಟ್ಟೆ ಸೀರೆಗೆ ಅಂದರೆ ಊಟಕ್ಕೆ ಕೂರುವ ಮೊದಲೇ ಜಗಳ.

ಕನ್ನಡದಲ್ಲೂ ಇದೇ ಆಟ ನಡೆಯುತ್ತಿದೆ. ‘ಚಿಂದಿ’ ನಮ್ಮಲ್ಲಿ ಹರಿದ ಬಟ್ಟೆ. ‘ಚಿಂದಿ ಚಿತ್ರಾನ್ನ’ ಎಂದರೆ ಪೂರ್ತಿ ಛಿದ್ರ. ಈಗಿನ ಹುಡುಗರು ಕ್ರಿಕೆಟ್ ನೋಡುತ್ತ ‘ಚಿಂದಿ ಉಡಾಯಿಸಿಬಿಟ್ಟ’ ಎಂದರೆ ಹೊಗಳಿಕೆ. ಅಮೆರಿಕದ ಅಂಗಡಿಗಳಲ್ಲಿ ಭಾರತದಿಂದ ಹೋದ ಚೂರುಬಟ್ಟೆಯ ಹಾಸನ್ನು ‘ಚಿಂದಿ ರಗ್’ ಎಂದೇ ಮಾರುತ್ತಾರೆ, ಹಿಂದಿಯ ಚಿಂದಿ ಅಲ್ಲಿ ಸೊಗಸಿನ ಹೆಸರಾಗಿದೆ. ಇನ್ನು ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ, ಎರಡೂ ಹರಕು ಬಟ್ಟೆಯ ಹೊದಿಕೆಗಳೇ ಎಂಬುದು ಬಹುಪಾಲು ಜನಕ್ಕೆ ಮರೆತಿದೆ. ಆ ಕಂತೆ ಸಂಸ್ಕೃತದ ‘ಕಂಥಾ’. ಬಂಗಾಳದವರು ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ‘ಕಾಂಥಾ’ ಇದೇ ಶಬ್ದ. ನಾವು ಗಾದೆಯಲ್ಲಿ ಹಾಸ್ಯ ಮಾಡುವ ಶಬ್ದವನ್ನು ಅವರು ಜಗತ್ತಿನ ಮಾರುಕಟ್ಟೆಯಲ್ಲಿ ಹೆಸರು ಮಾಡಿಸಿದರು. ‘ರ‍್ಯಾಗ್ ಕ್ವಿಲ್ಟ್’ ಎಂದು ಅನುವಾದಿಸಿ ಮಾರಲಿಲ್ಲ, ಕಾಂಥಾ ಎಂದೇ ಮಾರಿದರು. ನಿಮ್ಮ ಚೀಟಿಗೆ ನನ್ನ ಸಲಹೆ ಯಾವ ಕಡೆ ಹೋಗುತ್ತಿದೆ ಎಂದು ಈಗ ತಿಳಿದಿರಬಹುದು.

ಹಾಗಾದರೆ ‘ರ‍್ಯಾಗ್ ಕ್ವಿಲ್ಟ್’ ಯಾವುದು? ಅಮೆರಿಕದ ಹೊಲಿಗೆಯವರಲ್ಲಿ ಅದೊಂದು ನಿರ್ದಿಷ್ಟ ವಿಧಾನ. ಚೌಕ ಚೌಕ ತುಂಡುಗಳನ್ನು, ಹೆಚ್ಚಾಗಿ ಹೊಸ ಫ್ಲಾನಲ್ ಬಟ್ಟೆಯದ್ದನ್ನು, ಪದರಗಳಾಗಿ ಇಟ್ಟು ಜೋಡಿಸುತ್ತಾರೆ. ಜೋಡಿಸುವಾಗ ಹೊಲಿಗೆಯ ಅಂಚು ಒಳಗೆ ಮಡಚಿ ಅಡಗುವುದಿಲ್ಲ, ಬೇಕೆಂದೇ ಮೇಲ್ಮುಖಕ್ಕೆ ಬರುತ್ತದೆ. ಆ ಅಂಚಿಗೆ ಕತ್ತರಿಯಿಂದ ಸಾಲಾಗಿ ಕಚ್ಚು ಹಾಕಿ ಒಗೆದರೆ ಎಳೆ ಬಿಟ್ಟುಕೊಂಡು ಚೌಕದ ಸುತ್ತ ಜೂಲಿನ ಹಾಗೆ ನಿಲ್ಲುತ್ತದೆ. ಬಟ್ಟೆ ಹಳೆಯದಾಗಿರಬೇಕೆಂಬ ನಿಯಮವೇ ಇಲ್ಲ. ಆ ಹೆಸರಿನಲ್ಲಿ ರ‍್ಯಾಗ್ ಇರುವುದು ಅಂಚಿನ ಜುಂಜಿಗೆ, ಮೂಲದ ಅರ್ಥ ಅಲ್ಲಿ ಮತ್ತೆ ಎದ್ದು ಬಂದಿದೆ. ನಿಮ್ಮ ಕೌದಿ ಇದಕ್ಕೆ ತೀರ ತದ್ವಿರುದ್ಧ. ಅಂಚು ಒಳಗೆ ಮಡಚಿ, ಒಂದೆಳೆಯೂ ಹೊರಬಾರದಂತೆ ಕೈಹೊಲಿಗೆಯ ಸಾಲು ಸಾಲಾಗಿ ಹಾಕಿ ಪದರಗಳನ್ನು ಕಚ್ಚಿಸುತ್ತೀರಿ. ಅದರ ಹೆಮ್ಮೆ ಇರುವುದೇ ಹರಕನ್ನು ಕಾಣದಂತೆ ಮಾಡುವುದರಲ್ಲಿ.

ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆ. ‘ಕವಂದಿ’ ಎಂತಲೂ ‘ಕವಂದ್’ ಎಂತಲೂ ಕರೆಯುತ್ತಾರೆ. ಕೆಳಗೆ ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಸುತ್ತು ಬಂದು, ತುಂಡಿನ ಪಕ್ಕ ತುಂಡು ಇಡುತ್ತ, ಸುತ್ತು ಕಿರಿದಾಗುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಹೊಲಿಗೆಯ ಸಾಲುಗಳೂ ಆ ಸುತ್ತನ್ನೇ ಹಿಂಬಾಲಿಸುತ್ತವೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಮಾಡಿ ‘ಫುಲ’ ಇಡಬೇಕು. ಫುಲ ಇಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಆಫ್ರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ಕಾಡಿಗೆ ತಪ್ಪಿಸಿಕೊಂಡು ಬಂದವರ ಸಂತತಿ ಇವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ, ಹೊಲಿಗೆ ಒಂದೇ. ಹೊರದೇಶದ ವಸ್ತುಸಂಗ್ರಹಾಲಯಗಳು ಇವನ್ನು ಗೋಡೆಗೆ ತೂಗುಹಾಕಿ ನೋಡುವ ಕಾಲ ಇದು. ಆ ಗೋಡೆಯ ಪಕ್ಕದ ಚೀಟಿಯಲ್ಲಿ ಬರೆಯುವುದು ‘ಪ್ಯಾಚ್‌ವರ್ಕ್ ಕ್ವಿಲ್ಟ್’ ಎಂದು, ರ‍್ಯಾಗ್ ಎಂದಲ್ಲ. ನಿಮ್ಮ ಸಂಘದಲ್ಲಿ ಸಿದ್ದಿ ಹೆಂಗಸರಿದ್ದು ಆ ಪದ್ಧತಿಯಲ್ಲೇ ಹೊಲಿಯುತ್ತಿದ್ದರೆ ಕವಂದಿ ಎಂದು ಬರೆಯಿರಿ. ಇಲ್ಲದಿದ್ದರೆ ಬೇಡ, ಕೌದಿ ಎಂದೇ ಇರಲಿ. ಕರಾವಳಿಯ ಕೊಂಕಣಿ, ಮರಾಠಿ ಮನೆಗಳಲ್ಲಿ ಹಾಗೆಯೇ ‘ವಾಕಳ’, ‘ಗೋದಡಿ’ ಎಂಬವಿವೆ. ಇವೆಲ್ಲ ಒಂದೇ ಎಂದು ಒಂದೇ ಇಂಗ್ಲಿಷ್ ಶಬ್ದದಡಿ ತುಂಬುವುದು ನನಗೆ ಒಪ್ಪಿಗೆಯಿಲ್ಲ.

ಕಾಗದದ ಸಂಗತಿ ಮೇಲೆ ಬಂತು, ಅದನ್ನು ಸ್ವಲ್ಪ ಬಿಡಿಸುತ್ತೇನೆ. ಮರದ ತಿರುಳಿನಿಂದ ಕಾಗದ ಮಾಡುವ ವಿದ್ಯೆ ಯುರೋಪಿನಲ್ಲಿ ಬಳಕೆಗೆ ಬಂದದ್ದು 19ನೇ ಶತಮಾನದ ನಡುವೆ. 1840ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ಗಾಟ್ಲೋಬ್ ಕೆಲ್ಲರ್ ಮರವನ್ನು ಅರೆದು ತಿರುಳು ತೆಗೆಯುವ ಉಪಾಯ ಕಂಡುಕೊಂಡ. ಅದಕ್ಕೂ ಮೊದಲು ಅಲ್ಲಿ ಪುಸ್ತಕ, ಪತ್ರಿಕೆ, ಕೋರ್ಟಿನ ಕಾಗದ ಎಲ್ಲವೂ ನಾರುಬಟ್ಟೆ ಮತ್ತು ಹತ್ತಿಬಟ್ಟೆಯ ಚಿಂದಿಯಿಂದ. ಹಾಗಾಗಿ ಚಿಂದಿಗೆ ಬೇಡಿಕೆ ಇತ್ತು, ಬೀದಿ ಬೀದಿ ತಿರುಗಿ ಕೊಳ್ಳುವ ‘ರ‍್ಯಾಗ್ ಅಂಡ್ ಬೋನ್ ಮ್ಯಾನ್’ ಇದ್ದ. ಚಿಂದಿ ಕಾಗದಕ್ಕೆ, ಮೂಳೆ ಅಂಟಿಗೂ ಗೊಬ್ಬರಕ್ಕೂ ಚಾಕುವಿನ ಹಿಡಿಗೂ. ನಮ್ಮ ಓಣಿಗಳಲ್ಲಿ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತ ಬರುತ್ತಿದ್ದವರನ್ನು ನೆನೆಸಿಕೊಳ್ಳಿ. ಎರಡು ರೇಷ್ಮೆ ಅಂಚಿನ ಸೀರೆಗೆ ಒಂದು ಡಬರಿ ಎಂದು ಚೌಕಾಸಿ ಮಾಡಿದವರು ನಮ್ಮಲ್ಲಿ ಎಷ್ಟಿಲ್ಲ. ಇವತ್ತಿಗೂ ಜಲವರ್ಣ ಬರೆಯುವ ದುಬಾರಿ ಹಾಳೆಯ ಮೇಲೆ ‘100% ರ‍್ಯಾಗ್’ ಎಂದು ಅಚ್ಚಾಗಿರುತ್ತದೆ, ಹತ್ತಿ ಕಾಗದ ಎಂದರ್ಥ. ನಮ್ಮ ಕೈಕಾಗದದ ಘಟಕಗಳು ಬನಿಯನ್ ಕಾರ್ಖಾನೆಯ ಕತ್ತರಿಸಿದ ಚೂರುಗಳನ್ನು ಬಳಸುತ್ತವೆ. ನಿಮ್ಮ ಸೆರಗಿನ ಗಂಟಿನಲ್ಲಿರುವ ನೋಟಿನ ಕಾಗದವೂ ಹತ್ತಿಯದೇ, ಆದ್ದರಿಂದಲೇ ಒಮ್ಮೆ ತೋಯ್ದರೂ ಪತ್ರಿಕೆಯ ಹಾಗೆ ಮುದ್ದೆಯಾಗುವುದಿಲ್ಲ.

ಕಾಗದದಿಂದ ಪತ್ರಿಕೆಗೆ ಒಂದೇ ಹೆಜ್ಜೆ. 18ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿ ತನಗಾಗದ ಪತ್ರಿಕೆಯನ್ನು ರ‍್ಯಾಗ್ ಎಂದು ಹಳಿಯುವ ರೂಢಿ ಇದೆ. ‘ಆ ಚಿಂದಿಯಲ್ಲಿ ಬಂದದ್ದನ್ನು ನಂಬುತ್ತೀಯಾ’ ಎಂಬ ಧಾಟಿ. ಊರಿನ ಸಣ್ಣ ಪತ್ರಿಕೆಗೆ ‘ಲೋಕಲ್ ರ‍್ಯಾಗ್’ ಎಂದು ಸಲಿಗೆಯಿಂದಲೂ ಅನ್ನುತ್ತಾರೆ. ಪತ್ರಿಕೆಯವರ ಎದುರು ಆಡುವ ಮಾತಲ್ಲ.

ನಿಮ್ಮ ಅಳಿಯ ಎತ್ತಿದ ರ‍್ಯಾಗಿಂಗ್ ವಿಚಾರ ಬೇರೆಯದು. ಕೀಟಲೆ ಮಾಡು, ಗದರು ಎಂಬ ಅರ್ಥದ ಕ್ರಿಯಾಪದ ‘ರ‍್ಯಾಗ್’ ಇಂಗ್ಲಿಷಿನಲ್ಲಿ 18ನೇ ಶತಮಾನದಿಂದ ಇದೆ. ಅದಕ್ಕೂ ಬಟ್ಟೆಗೂ ಸಂಬಂಧವಿದೆ ಎಂದು ತೋರಿಸುವ ಆಧಾರವಿಲ್ಲ, ನಿಘಂಟುಗಳು ಇವನ್ನು ಬೇರೆ ಬೇರೆ ನಮೂದುಗಳಾಗಿಯೇ ಕೊಡುತ್ತವೆ. ಬ್ರಿಟನ್ನಿನ ಕಾಲೇಜುಗಳಲ್ಲಿ ಈ ಕೀಟಲೆ ಬೇರೆ ದಾರಿ ಹಿಡಿಯಿತು. ಅಲ್ಲಿ ‘ರ‍್ಯಾಗ್ ವೀಕ್’ ಎಂದರೆ ವಿದ್ಯಾರ್ಥಿಗಳು ವೇಷ ಹಾಕಿ, ಹುಚ್ಚಾಟ ಆಡಿ ದಾನಕ್ಕೆ ಹಣ ಎತ್ತುವ ವಾರ. ನಮ್ಮ ದೇಶದಲ್ಲಿ ಅದು ಹಿರಿಯ ವಿದ್ಯಾರ್ಥಿಗಳು ಹೊಸಬರಿಗೆ ಕೊಡುವ ಹಿಂಸೆಯ ಹೆಸರಾಯಿತು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಅದಕ್ಕೆ ವ್ಯಾಖ್ಯೆ ಮತ್ತು ಶಿಕ್ಷೆ ಇದೆ, ಸುಪ್ರೀಂ ಕೋರ್ಟು 2001ರಲ್ಲಿ ಮಾರ್ಗಸೂಚಿ ಕೊಟ್ಟಿತು, ಯುಜಿಸಿ 2009ರಲ್ಲಿ ಕಟ್ಟುನಿಟ್ಟಿನ ನಿಯಮ ತಂದಿತು. ಅಮೆರಿಕದಲ್ಲಿ ಇದೇ ಹಿಂಸೆಗೆ ‘ಹೇಜಿಂಗ್’ ಎನ್ನುತ್ತಾರೆ, ರ‍್ಯಾಗಿಂಗ್ ಎಂದರೆ ಅಲ್ಲಿಯವರಿಗೆ ಸುಮ್ಮನೆ ಗೇಲಿ. ಅಳಿಯ ಮುಂದೆ ಇಂಗ್ಲೆಂಡಿಗೆ ಓದಲು ಹೋದರೆ ‘ರ‍್ಯಾಗ್‌ಗೆ ಬಾ’ ಎಂದು ಯಾರಾದರೂ ಕರೆದಾಗ ಪೊಲೀಸರಿಗೆ ಫೋನ್ ಮಾಡದಿರಲಿ.

ಒಂದು ಎಚ್ಚರಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ಆನ್ ದ ರ‍್ಯಾಗ್’ ಎಂಬ ನುಡಿಗಟ್ಟು ಸಿನಿಮಾ, ಸೀರಿಯಲ್‌ಗಳಲ್ಲಿ ಹುಡುಗರ ಕಿವಿಗೆ ಬೀಳುತ್ತದೆ. ಅದು ಮುಟ್ಟಿನ ದಿನಗಳಿಗೆ ಆಡುವ ಕೀಳು ಮಾತು, ಹೆಂಗಸು ಸಿಡಿಮಿಡಿಗೊಂಡಳು ಎಂದು ಹೀಯಾಳಿಸಲು ಬಳಸುತ್ತಾರೆ. ಹಳೇ ಸೀರೆಯ ತುಂಡು ಮಡಚಿ ಇಟ್ಟುಕೊಳ್ಳುತ್ತಿದ್ದ ಕಾಲ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ಈ ನುಡಿಗಟ್ಟು ಮಾತ್ರ ಸಭ್ಯವಲ್ಲ. ಅರ್ಥ ತಿಳಿದಿರಲಿ, ಬಾಯಿಗೆ ಬರುವುದು ಬೇಡ.

ಉಳಿದವನ್ನು ಬೇಗ ಮುಗಿಸುತ್ತೇನೆ. ಇಂಗ್ಲಿಷಿನ ಹಳೆಯ ಬೀದಿಮಾತಿನಲ್ಲಿ ‘ಕೆಂಪು ಚಿಂದಿ’ ಎಂದರೆ ನಾಲಿಗೆ. ‘ಚೂ ದ ರ‍್ಯಾಗ್’ ಎಂದರೆ ಹರಟೆ ಹೊಡೆ. ‘ಲೂಸ್ ಯುವರ್ ರ‍್ಯಾಗ್’ ಎಂದರೆ ಸಿಟ್ಟು ನೆತ್ತಿಗೇರು, ಇದು ಬ್ರಿಟನ್ನಿನದು. ಹೋರಿಗೆ ಕೆಂಪು ಬಟ್ಟೆ ತೋರಿಸಿದ ಹಾಗೆ ಎಂಬ ಮಾತಿನಲ್ಲೂ ರ‍್ಯಾಗ್ ಇದೆ. ಹೋರಿಗೆ ಕೆಂಪನ್ನು ಬೇರೆಯಾಗಿ ಗುರುತಿಸುವ ಕಣ್ಣಿಲ್ಲ, ಅದನ್ನು ಕೆರಳಿಸುವುದು ಬಟ್ಟೆಯ ಅಲುಗಾಟ. ‘ರ‍್ಯಾಗ್‌ಟೈಮ್’ ಎಂಬುದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ಬೆಳೆಸಿದ ಪಿಯಾನೊ ಸಂಗೀತ, ಸ್ಕಾಟ್ ಜಾಪ್ಲಿನ್ ಅದರ ದೊಡ್ಡ ಹೆಸರು. ತಾಳ ನೇರ ಬೀಳದೆ ಹರಿದ ಹಾಗೆ ಇರುವುದರಿಂದ ಆ ಹೆಸರು ಎನ್ನುತ್ತಾರೆ. ಹಿಂದೂಸ್ತಾನಿ ರಾಗವನ್ನು ಇಂಗ್ಲಿಷಿನಲ್ಲಿ ಅದೇ ಮೂರು ಅಕ್ಷರದಲ್ಲಿ ಬರೆಯುವುದು ಕೇವಲ ಕಾಕತಾಳೀಯ, ರಾಗಿಗಂತೂ ಯಾವ ಸಂಬಂಧವೂ ಇಲ್ಲ. ‘ರ‍್ಯಾಗ್ ಪಿಕರ್’ ಎಂಬುದನ್ನು ನಮ್ಮ ಪತ್ರಿಕೆಗಳು ‘ಚಿಂದಿ ಆಯುವವರು’ ಎಂದು ಬರೆದವು, ಅವರು ಆಯುವುದು ಹೆಚ್ಚಾಗಿ ಪ್ಲಾಸ್ಟಿಕ್ಕು ರಟ್ಟು. 2016ರ ಘನತ್ಯಾಜ್ಯ ನಿಯಮಗಳು ‘ವೇಸ್ಟ್ ಪಿಕರ್’ ಎಂಬ ಶಬ್ದ ಬಳಸಿವೆ, ಅದೇ ಸರಿ.

ಮನೆಬಳಕೆಯಲ್ಲಿ ನಮ್ಮವರು ಎಡವುವುದು ಬೇರೆ ಕಡೆ. ಕನ್ನಡದ ‘ಬಟ್ಟೆ’ಯೊಳಗೆ ಇಂಗ್ಲಿಷಿನ ಎರಡು ಶಬ್ದಗಳು ಅಡಗಿವೆ. ‘ಕ್ಲಾತ್’ ಎಂದರೆ ಅರಿವೆ, ‘ಕ್ಲೋದ್ಸ್’ ಎಂದರೆ ಉಡುವ ಉಡುಪು. ‘ಓಲ್ಡ್ ಕ್ಲಾತ್’ ಹಾಕಿಕೊಂಡೆ ಎಂದು ವಿದ್ಯಾರ್ಥಿಗಳು ಬರೆದರೆ ಹಳೇ ತುಂಡನ್ನು ಸುತ್ತಿಕೊಂಡೆ ಎಂದಾಗುತ್ತದೆ. ಒಲೆಯ ಬಳಿಯ ಮಸಿಬಟ್ಟೆಗೆ ‘ಕಿಚನ್ ಕ್ಲಾತ್’ ಎಂದರೆ ಸಾಕು, ಪಾತ್ರೆ ತೊಳೆಯುವುದಕ್ಕೆ ‘ಡಿಶ್‌ಕ್ಲಾತ್’, ಮೇಜು ಕಪಾಟು ಒರೆಸುವುದಕ್ಕೆ ‘ಡಸ್ಟರ್’, ನೆಲ ಒರೆಸುವುದಕ್ಕೆ ‘ಫ್ಲೋರ್ ಕ್ಲಾತ್’. ಇವೆಲ್ಲ ಒಗೆದು ಮತ್ತೆ ಬಳಸುವಂಥವು. ಎಣ್ಣೆ, ಗ್ರೀಸು ಒರೆಸಿ ಎಸೆಯುವ ತುಂಡು ಮಾತ್ರ ಶುದ್ಧ ರ‍್ಯಾಗ್. ಕಾರವಾರ ಬೈತಖೋಲದಲ್ಲಿ ಬೋಟಿನ ಎಂಜಿನ್ ಬಿಚ್ಚುವವರು ‘ವೇಸ್ಟ್ ಕೊಡು’ ಎಂದು ಕೂಗುತ್ತಾರಲ್ಲ, ಅದು. ಗ್ಯಾರೇಜಿನಲ್ಲಿ ಬನಿಯನ್ ವೇಸ್ಟ್ ಎಂದು ಕಿಲೋ ಲೆಕ್ಕದಲ್ಲಿ ಬರುವುದೂ ಅದೇ. ಹೊಲಿಗೆ ಅಂಗಡಿಯಲ್ಲಿ ಮಿಕ್ಕುವ ಹೊಸ ಚೂರು ರ‍್ಯಾಗ್ ಅಲ್ಲ, ‘ಸ್ಕ್ರ್ಯಾಪ್’ ಅಥವಾ ‘ಆಫ್‌ಕಟ್’. ಥಾನಿನ ಕೊನೆಯಲ್ಲಿ ಉಳಿದ ಮೀಟರು ಎರಡು ಮೀಟರು ‘ರೆಮ್ನಂಟ್’. ಗೋಣಿಗೆ ‘ಗನ್ನಿ’ ಅನ್ನಲು ಹೆದರಬೇಡಿ, ಆ ಇಂಗ್ಲಿಷ್ ಶಬ್ದ ನಮ್ಮ ಗೋಣಿಯ ಬಂಧುವೇ.

ಇನ್ನು ಚೀಟಿ. ಕೌದಿಗೆ ಮೇಲೆ ದೊಡ್ಡದಾಗಿ ‘ಕೌದಿ’, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ಕೆಳಗೆ ಸಣ್ಣದಾಗಿ ‘ಹ್ಯಾಂಡ್-ಸ್ಟಿಚ್ಡ್ ಕ್ವಿಲ್ಟ್ ಫ್ರಂ ಯೂಸ್ಡ್ ಕಾಟನ್ ಸಾರೀಸ್, ಶಿರಸಿ’. ‘ಯೂಸ್ಡ್’ ಎನ್ನಲು ಮುಜುಗರ ಬೇಡ. ‘ಪ್ರೀ-ಲವ್ಡ್’ ಎಂಬ ಫ್ಯಾಷನ್ ಶಬ್ದ ಅಂಗಡಿಯವರು ಸೂಚಿಸಬಹುದು, ನನಗೆ ಅದು ತುಸು ಅತಿಯಾಯಿತು ಅನಿಸುತ್ತದೆ. ‘ವಿಂಟೇಜ್’ ಬರೆದರೆ ಸೀರೆಗೆ ನಿಜವಾಗಿ ವಯಸ್ಸಾಗಿರಬೇಕು, ಹೋದ ವರ್ಷದ್ದಕ್ಕೆ ಬರೆದರೆ ಮೋಸ. ಪಾಲಿಯೆಸ್ಟರ್ ಸೀರೆ ಬೆರೆತಿದ್ದರೆ ‘ಕಾಟನ್’ ಎಂಬುದನ್ನು ತೆಗೆಯಿರಿ, ಗಿರಾಕಿ ಮೊದಲು ಕೇಳುವುದು ಅದನ್ನೇ.

ಕಾಲೊರೆಸಿಗೆ ಮಾತ್ರ ‘ರ‍್ಯಾಗ್’ ಧೈರ್ಯವಾಗಿ ಬಳಸಿ. ನೀವು ಚೂರುಗಳನ್ನು ಪಟ್ಟಿ ಮಾಡಿ ಹೆಣೆಯುವುದರಿಂದ ಅದು ಹೆಸರಿಗೆ ಸರಿಯಾದ ‘ರ‍್ಯಾಗ್ ರಗ್’, ಬಾಗಿಲ ಬಳಿ ಹಾಕುವ ಅಳತೆಯದಾದರೆ ‘ರ‍್ಯಾಗ್ ಮ್ಯಾಟ್’. ಅಚ್ಚಾದ ಚೀಟಿಗಳನ್ನು ಬಿಸಾಡಬೇಡಿ. ‘ಕ್ವಿಲ್ಟ್’ ಎಂಬುದರ ಮೇಲೆ ‘ರಗ್’ ಎಂಬ ಅಂಟುಚೀಟಿ ಹಚ್ಚಿ ಕಾಲೊರೆಸುಗಳಿಗೆ ಕಟ್ಟಿ. ಹಚ್ಚುವವರಿಗೆ ಮಾತ್ರ ಎರಡರ ಸ್ಪೆಲಿಂಗ್ ಬರೆದು ಗೋಡೆಗೆ ಅಂಟಿಸಿಕೊಡಿ, ‘ರಗ್ ರ‍್ಯಾಗ್’ ಎಂದು ಅದಲುಬದಲಾದರೆ ನೆಲ ಒರೆಸುವ ಬಟ್ಟೆ ಎಂದುಕೊಂಡು ಗಿರಾಕಿ ಹತ್ತು ರೂಪಾಯಿಗೆ ಕೇಳಿಯಾನು. ಕೌದಿಯ ಹೊಸ ಚೀಟಿಯ ಹಿಂದೆ, ಬಣ್ಣ ಬಿಡುವ ಸೀರೆ ಇದ್ದರೆ, ಮೊದಲ ಒಗೆತ ಬೇರೆಯಾಗಿ, ತಣ್ಣೀರಲ್ಲಿ ಎಂದು ಒಂದು ಸಾಲು ಸೇರಿಸಿ.